ದಾನದ ಗಣಕಯಂತ್ರವೂ ನಮ್ಮೂರ ಬಿಸಿಲೂ

ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ಕೊಡುವ ಪರಿಪಾಠವು ಈಗ ನಮ್ಮ ಭಾಗದಲ್ಲಿಯೂ ಬೆಳೆದು ಬಂದಿರುವುದು ಸಂತೋಷದ ಸಂಗತಿ. ಆದರೆ ಆ ದಾನದ ಮುಂದಿನ ಕಥೆಯನ್ನು ಶಿಕ್ಷಕ ಬಂಧುಗಳು ಬಲ್ಲರು. ಪೆಟ್ಟಿಗೆಗೆ ಹೂಮಾಲೆ ಬೀಳುತ್ತದೆ, ಭಾವಚಿತ್ರ ತೆಗೆಯಲಾಗುತ್ತದೆ, ಬಳಿಕ ಕೋಣೆಗೆ ಬೀಗ. ಹುಡುಗರು ಕೆಡಿಸಿಯಾರೆಂಬ ಭಯ ಒಂದು ಕಡೆ. ಕೆಟ್ಟರೆ ರಿಪೇರಿ ಮಾಡುವವರಿಲ್ಲವೆಂಬ ಭಯ ಇನ್ನೊಂದು ಕಡೆ. ಯಂತ್ರವು ಬಳಕೆಯಿಂದ ಸವೆಯುವ ಬದಲು ಧೂಳಿನಿಂದ ಸಾಯುತ್ತದೆ.

ದಾನಿಗಳಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ವರ್ಷಕ್ಕೆ ಒಂದು ಯಂತ್ರವನ್ನಾದರೂ ಸಿದ್ಧವಸ್ತುವಾಗಿ ಕೊಡದೆ ಬಿಡಿಭಾಗಗಳಾಗಿ ಕೊಡಿರಿ. ಅದೂ ಸಾಮಾನ್ಯ ಯಂತ್ರವಲ್ಲ, ಆಟಗಳನ್ನು ಆಡಬಲ್ಲ, ಗಾತ್ರದಲ್ಲಿ ಚಿಕ್ಕದಾದ ಯಂತ್ರದ ಭಾಗಗಳನ್ನು. ಅದನ್ನು ಜೋಡಿಸುವ ಕೆಲಸವನ್ನೂ, ಅದರ ವೇಗವನ್ನು ನಿಗದಿತ ಮಟ್ಟಕ್ಕಿಂತ ಏರಿಸಿ ನೋಡುವ ಪ್ರಯೋಗವನ್ನೂ ಮಕ್ಕಳ ಕೈಗೇ ಬಿಡಿರಿ.

‘ಆಟ’ ಎಂಬ ಮಾತು ಕೇಳಿದೊಡನೆ ಹುಬ್ಬುಗಳು ಗಂಟಿಕ್ಕುವುದು ಸಹಜ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯು ರಾಜ್ಯದಲ್ಲಿಯೇ ಕೊನೆಯ ಸ್ಥಾನದಲ್ಲಿತ್ತು; ಪಾಸಾದವರು ನೂರಕ್ಕೆ ಐವತ್ತರ ಆಸುಪಾಸು. ಇಂಥಲ್ಲಿ ಆಟದ ಯಂತ್ರವೇ ಎಂದು ಕೇಳುವವರ ನೋವು ನ್ಯಾಯವಾದುದು. ಆದರೂ ಅದೇ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ವಿದ್ಯುಚ್ಛಕ್ತಿಯ ಪಾಠವಿದೆ, ವಿದ್ಯುತ್ ಪ್ರವಾಹವು ಶಾಖವನ್ನುಂಟುಮಾಡುವ ನಿಯಮವಿದೆ. ಅದನ್ನು ಬಾಯಿಪಾಠ ಮಾಡಿ ಮರೆಯುವ ಹುಡುಗನಿಗೆ ಅದೇ ನಿಯಮವನ್ನು ಬೆರಳಿಗೆ ತಾಗಿಸಿ ತೋರಿಸಬಲ್ಲ ಉಪಕರಣ ಇದಕ್ಕಿಂತ ಬೇರೆ ನನಗೆ ತಿಳಿಯದು. ಪತ್ರ ಬರೆಯುವ, ಲೆಕ್ಕ ಇಡುವ ಯಂತ್ರವು ಅಷ್ಟಾಗಿ ಬಿಸಿಯಾಗುವುದೇ ಇಲ್ಲ. ಆಟದ ಯಂತ್ರವು ದುಡಿಯುತ್ತದೆ, ಕಾಯುತ್ತದೆ, ಎಡವುತ್ತದೆ. ಹಣವನ್ನು ಪಣಕ್ಕಿಡುವ ಆಟಗಳ ಮಾತನ್ನು ನಾನಿಲ್ಲಿ ಆಡುತ್ತಿಲ್ಲ. ಅವುಗಳನ್ನು ಕೇಂದ್ರ ಸರಕಾರವೇ 2025ರ ಕಾಯಿದೆಯಿಂದ ನಿಷೇಧಿಸಿದೆ.

ವೇಗ ಏರಿಸುವುದೆಂದರೇನು? ಪ್ರೊಸೆಸರಿನೊಳಗೆ ಗಡಿಯಾರದಂತಹ ಒಂದು ಮಿಡಿತವಿದೆ. ಪ್ರತಿ ಮಿಡಿತಕ್ಕೆ ಕೆಲಸದ ಒಂದು ಹೆಜ್ಜೆ. ತಯಾರಕರು ಗೊತ್ತುಮಾಡಿದ್ದಕ್ಕಿಂತ ಆ ಮಿಡಿತವನ್ನು ಹೆಚ್ಚಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಬಂದ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಹವ್ಯಾಸಿಗಳು 300 ಮೆಗಾಹರ್ಟ್ಸ್‌ನಿಂದ 450ಕ್ಕೆ ಏರಿಸಿ, ದುಬಾರಿ ಪ್ರೊಸೆಸರುಗಳಿಗೆ ಸರಿಗಟ್ಟಿಸಿದರು. ಅಷ್ಟು ಲಾಭದ ಕಾಲ ಈಗಿಲ್ಲ. ಇಂದಿನ ಪ್ರೊಸೆಸರುಗಳು ತಾವೇ ತಮ್ಮ ವೇಗವನ್ನು ಗರಿಷ್ಠ ಮಟ್ಟದ ಹತ್ತಿರಕ್ಕೆ ಏರಿಸಿಕೊಳ್ಳುತ್ತವೆ. ಕೆಲವು ಮಾದರಿಗಳಲ್ಲಿ ಮಾತ್ರ ಈ ಬೀಗ ತೆರೆದಿರುತ್ತದೆ. ಇಂಟೆಲ್ಲಿನವುಗಳಲ್ಲಿ ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವುದನ್ನು ನೋಡಿ ಕೊಳ್ಳಬೇಕು. ಹೀಗೆ ಏರಿಸಿ ಕೆಡಿಸಿದ ಭಾಗಕ್ಕೆ ಸಾಮಾನ್ಯವಾಗಿ ಗ್ಯಾರಂಟಿ ದೊರೆಯದೆಂಬುದನ್ನೂ ಮರೆಯಬಾರದು.

ಪಾಠವಿರುವುದು ಲಾಭದಲ್ಲಲ್ಲ, ಲೆಕ್ಕದಲ್ಲಿ. ಪ್ರೊಸೆಸರ್ ನುಂಗುವ ವಿದ್ಯುತ್ತು ಮಿಡಿತದ ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಶೇಕಡಾ 20 ಹೆಚ್ಚಿಸಲು ವೋಲ್ಟೇಜನ್ನು ಶೇಕಡಾ 10 ಏರಿಸಬೇಕಾಯಿತೆನ್ನಿ. 1.2ನ್ನು 1.21ರಿಂದ ಗುಣಿಸಿದರೆ 1.45, ಎಂದರೆ 65 ವ್ಯಾಟಿನ ಪ್ರೊಸೆಸರು 94 ವ್ಯಾಟು ನುಂಗತೊಡಗಿತು. ಐದನೆಯ ಒಂದು ಪಾಲು ವೇಗಕ್ಕಾಗಿ ಸುಮಾರು ಅರ್ಧದಷ್ಟು ಹೆಚ್ಚು ಶಾಖ! ಈ ಗುಣಾಕಾರವನ್ನು ಹುಡುಗಿಯೊಬ್ಬಳು ಮೊದಲು ಕರಿಹಲಗೆಯ ಮೇಲೆ ಮಾಡಿ, ಆಮೇಲೆ ಯಂತ್ರದ ಪರದೆಯಲ್ಲಿ ಅದೇ ಅಂಕಿಯ ಸಮೀಪಕ್ಕೆ ಬಂದರೆ, ಆ ಪಾಠ ಅವಳಿಗೆ ಜನ್ಮದಲ್ಲಿ ಮರೆಯದು.

ಇನ್ನು ಆ ಶಾಖ ಹೋಗಬೇಕಾದುದು ಎಲ್ಲಿಗೆ? ನಮ್ಮ ಕೋಣೆಯ ಗಾಳಿಗೆ. ಇಲ್ಲಿಯೇ ಯಾದಗಿರಿಯ ಬಿಸಿಲು ಕಣಕ್ಕಿಳಿಯುವುದು. ಫ್ಯಾನಾಗಲಿ, ಕೊಳವೆಯಲ್ಲಿ ನೀರು ಹರಿಸುವ ತಂಪುಗಾರಿಕೆಯಾಗಲಿ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಮಣ್ಣಿನ ಗಡಿಗೆಯ ನೀರು ಹೊರಗಿನ ಗಾಳಿಗಿಂತ ತಂಪಾಗುವುದು ನೀರು ಆವಿಯಾಗುವುದರಿಂದ. ಈ ಮುಚ್ಚಿದ ಕೊಳವೆಯಲ್ಲಿ ಆವಿಯಾಗುವ ಮಾತೇ ಇಲ್ಲ. 22 ಡಿಗ್ರಿಯ ಕೋಣೆಯಲ್ಲಿ 75 ಡಿಗ್ರಿಗೆ ನಿಲ್ಲುವ ಪ್ರೊಸೆಸರು ಮೇ ತಿಂಗಳ 42 ಡಿಗ್ರಿಯಲ್ಲಿ 95ರ ಸಮೀಪಕ್ಕೆ ಏರುವುದು. ನೂರರ ಹತ್ತಿರ ಬಂದೊಡನೆ ಬಹುತೇಕ ಪ್ರೊಸೆಸರುಗಳು ತಾವಾಗಿಯೇ ವೇಗ ತಗ್ಗಿಸಿ ಜೀವ ಉಳಿಸಿಕೊಳ್ಳುತ್ತವೆ. ಆದುದರಿಂದ ಡಿಸೆಂಬರಿನಲ್ಲಿ ಗೆದ್ದ ವೇಗ ಮೇ ತಿಂಗಳಲ್ಲಿ ಸೋಲುತ್ತದೆ. ತಂಪು ದೇಶದವರು ಬರೆದ ಅಂಕಿಗಳನ್ನು ನಕಲು ಮಾಡಿದರೆ ನಮ್ಮಲ್ಲಿ ಫಲಿಸದು. ನಮ್ಮ ಅಂಕಿಗಳನ್ನು ನಾವೇ ಕಂಡುಕೊಳ್ಳಬೇಕು. ಬೇಸಿಗೆಯಲ್ಲಿ ನನ್ನ ಒಲವು ವಿರುದ್ಧ ದಿಕ್ಕಿನ ಪ್ರಯೋಗದ ಕಡೆಗೆ: ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗುವುದು. ಯಂತ್ರ ಎಲ್ಲಿ ಮುಗ್ಗರಿಸುತ್ತದೆಯೋ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿಸುವುದು. ಇದೂ ಅದೇ ವಿದ್ಯೆ, ಖರ್ಚು ಕಡಿಮೆ.

ಚಿಕ್ಕ ಯಂತ್ರವೇ ಏಕೆಂದು ಕೇಳಬಹುದು. 2001ರಲ್ಲಿ ವಿಯಾ ಕಂಪನಿಯು ರೂಪಿಸಿದ ಮಿನಿ-ಐಟಿಎಕ್ಸ್ ಮಾದರಿಯ ಮದರ್‌ಬೋರ್ಡು 17 ಸೆಂಟಿಮೀಟರಿನ ಒಂದು ಚೌಕ. ಅದರ ಪೆಟ್ಟಿಗೆಯನ್ನು ಚೀಲದಲ್ಲಿಟ್ಟು ಶಹಾಪುರದ ಶಾಲೆಯಿಂದ ಸುರಪುರದ ಶಾಲೆಗೆ ಬಸ್ಸಿನಲ್ಲಿಯೇ ಒಯ್ಯಬಹುದು. ಒಂದು ದಾನ ಎರಡು ಊರಿಗೆ ಒದಗಿತು. ಇಕ್ಕಟ್ಟಿನಲ್ಲಿ ಒಂದು ತಂತಿ ಅಡ್ಡಬಂದರೂ ಗಾಳಿ ತಡೆಯುತ್ತದೆ. ಜೋಡಣೆಯ ಅಜಾಗರೂಕತೆಗೆ ತಕ್ಷಣವೇ ಶಿಕ್ಷೆ. ಕಿರಿದಾದ ಜಾಗದಲ್ಲಿ ಸೂಕ್ಷ್ಮವಾಗಿ ಕೈಯಾಡಿಸುವುದು ಚಿತ್ರಕಲೆಗೆ ಹೆಸರಾದ ಸುರಪುರದವರಿಗೆ ಹೊಸತೇನೂ ಅಲ್ಲವಷ್ಟೆ. ಎರೆಭೂಮಿಯ ಧೂಳು, ಹತ್ತಿಯ ನವಿರು ಎಳೆ ಎರಡೂ ನಮ್ಮಲ್ಲಿ ಧಾರಾಳ. ಗಾಳಿ ಹೊಗುವ ಬಾಯಿಗೆ ಜಾಲರಿ ಕಟ್ಟಿ, ಹದಿನೈದು ದಿನಕ್ಕೊಮ್ಮೆ ಕುಂಚದಿಂದ ಒರೆಸಬೇಕು.

ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಎಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಸಾಲಂಗಡಿಗಳಲ್ಲಿ ಸಿಗುತ್ತವೆ. ಯಾದಗಿರಿಯಲ್ಲಿ ರಾತ್ರಿ ರೈಲು ಹತ್ತಿದರೆ ಆಯಿತು. ಕೊಳ್ಳಲು ಹೋಗುವ ಶಿಕ್ಷಕರ ಜೊತೆಗೆ ಇಬ್ಬರು ವಿದ್ಯಾರ್ಥಿಗಳನ್ನೂ ಕಳುಹಿಸಿರಿ. ಯಾವ ಮದರ್‌ಬೋರ್ಡಿಗೆ ಯಾವ ಪ್ರೊಸೆಸರು ಕೂಡುತ್ತದೆಂದು ವ್ಯಾಪಾರಿಯೊಡನೆ ವಾದಿಸುವುದೂ ವಿದ್ಯೆಯೇ.

ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಮಕ್ಕಳು ಬಿಚ್ಚತಕ್ಕದ್ದಲ್ಲ. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರುತ್ತದೆ. ಇನ್ನು ದಾನಿಗಳು ಯಂತ್ರದೊಡನೆ ಒಂದು ಯು.ಪಿ.ಎಸ್., ಒಂದು ಮಲ್ಟಿಮೀಟರು, ಹೆಚ್ಚುವರಿ ಫ್ಯಾನು, ಒಂದು ಒಳ್ಳೆಯ ಅರ್ಥಿಂಗ್ ಗುಂಡಿ, ಇಷ್ಟಕ್ಕೂ ಹಣ ಎತ್ತಿಡಬೇಕು. ಉಪ್ಪು ಇದ್ದಲು ತುಂಬಿದ ಆ ಗುಂಡಿಯ ತೇವ ಬೇಸಿಗೆಯಲ್ಲಿ ಆರಿದರೆ ಅರ್ಥಿಂಗ್ ಇದ್ದೂ ಇಲ್ಲದಂತೆ. ಅದಕ್ಕೆ ನೀರು ಹಾಕುವ ಹೊಣೆ ಯಾರದೆಂಬುದನ್ನು ದಾನಪತ್ರದಲ್ಲಿಯೇ ಬರೆದಿಡುವುದು ಲೇಸು.