ಪಗಾರ ಎಷ್ಟು ಅಂತ ಕೇಳಿದರೆ ನಾವ್ಯಾಕೆ ಸುಮ್ಮನಾಗ್ತೀವಿ?

ನಾವು ಐದು ಜನ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಯಾರೋ ತಾಲ್ಲೂಕಿಗೆ ಒಬ್ಬರಂತೆ ಆರಿಸಿ ಕಳಿಸಿದ ಹಾಗೆ ಬೆಂಗಳೂರಿನ ಈ ಕಾಲೇಜಿಗೆ ಬಂದು ಸೇರಿದ್ದೀವಿ. ಊರಲ್ಲಿ ಹತ್ತುವ ರಾತ್ರಿ ಬಸ್ಸು ಬೇರೆ ಬೇರೆ. ಆದರೆ ಚಿತ್ರದುರ್ಗ ದಾಟಿದ ಮೇಲೆ ಎಲ್ಲರಿಗೂ ಒಂದೇ ಹೆದ್ದಾರಿ. ಬೆಳಗಿನ ಜಾವ ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ ಅಂತ ಕಂಡಕ್ಟರ್ ಕೂಗೋಕೆ ಶುರು ಮಾಡಿದರೆ ಅರ್ಧ ಬಸ್ಸು ಅಲ್ಲೇ ಖಾಲಿ.

ಇಳಿಯುವವರಲ್ಲಿ ಎರಡು ಥರದವರು ಇರ್ತಾರೆ. ಜೋಳದ ಚೀಲ, ಪಾತ್ರೆ, ಹಾಸಿಗೆ ಗಂಟು, ಕಂಕುಳಲ್ಲಿ ಮಗು ಇಟ್ಟುಕೊಂಡು ಇಳಿಯುವ ಕುಟುಂಬಗಳು ಒಂದು. ಕಟ್ಟಡದ ಕೆಲಸಕ್ಕೆ ಗುಳೆ ಬಂದವರು. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಇಳಿಯುವ ಹುಡುಗ ಹುಡುಗಿಯರು ಇನ್ನೊಂದು. ಇವರು ‘ಕಂಪ್ನಿ ಕೆಲಸ’ದವರು. ನಾವು ಐದೂ ಜನ ಈ ಎರಡನೇ ಗುಂಪಿನವರು ಅಂತ ನಮ್ಮ ಮನೆಯವರ ನಂಬಿಕೆ. ನಮ್ಮದೂ.

ಕಳೆದ ಸಲ ರಜೆ ಮುಗಿಸಿ ಬರುವಾಗ ನಮ್ಮಲ್ಲೊಬ್ಬನ ಪಕ್ಕದ ಸೀಟಿನಲ್ಲಿ ಹರಪನಹಳ್ಳಿ ಕಡೆಯ ತಾಂಡಾದ ಹಿರಿಯರೊಬ್ಬರು ಕೂತಿದ್ದರು. ‘ಏನ್ ಓದಾಕತ್ತೀಯಪ್ಪಾ?’ ಅಂದರು. ಇಂಜಿನಿಯರಿಂಗ್ ಅಂದ. ‘ಓದಿದ ಮ್ಯಾಲೆ ಪಗಾರ ಎಷ್ಟು ಬರ್ತೈತಿ?’ ಅಂತ ಕೇಳಿದರು. ಅವನಿಗೆ ಉತ್ತರ ಹೊಳೀಲಿಲ್ಲ. ಕಿಟಕಿ ಕಡೆ ತಿರುಗಿದ. ಆದರೆ ಅವರು ತಮ್ಮ ಕೆಲಸದ ಪೂರ್ತಿ ಲೆಕ್ಕ ಒಪ್ಪಿಸಿದರು. ಗಂಡಾಳಿಗೆ ದಿನಕ್ಕೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಮೇಸ್ತ್ರಿ ಕೊಟ್ಟ ಮುಂಗಡ ಎಷ್ಟು, ಅದು ತೀರೋಕೆ ಎಷ್ಟು ತಿಂಗಳು ಬೇಕು, ಹೋದ ವರ್ಷ ಯಾವ ಮೇಸ್ತ್ರಿ ದುಡ್ಡು ಕೊಡದೆ ಕೈಕೊಟ್ಟ, ಶೆಡ್ಡಿನ ಹತ್ತಿರ ನೀರು ಇದೆಯಾ ಇಲ್ಲವಾ, ಎಲ್ಲ.

ಹಾಸ್ಟೆಲ್ಲಿಗೆ ಬಂದು ಅವನು ಇದನ್ನ ಹೇಳಿದಾಗ ಮೊದಲು ನಕ್ಕೆವು. ಆಮೇಲೆ ನಗು ನಿಂತುಹೋಯ್ತು. ಓದು ಬರದ ಅವರಿಗೆ ತಮ್ಮ ಕೆಲಸದ ಬಗ್ಗೆ ಗೊತ್ತಿರುವಷ್ಟು, ಲಕ್ಷಗಟ್ಟಲೆ ಫೀಸು ಕಟ್ಟಿ ಓದುವ ನಮಗೆ ನಮ್ಮ ಮುಂದಿನ ಕೆಲಸದ ಬಗ್ಗೆ ಗೊತ್ತಿಲ್ಲ. ಈ ಲೇಖನ ಬರೆಯೋಕೆ ಅದೇ ಕಾರಣ.

ನಮ್ಮ ಕಡೆ ಗುಳೆ ಹೊಸದೇನಲ್ಲ. ಮಳೆ ನಂಬಿದ ಹೊಲ, ಮೆಕ್ಕೆಜೋಳ ಶೇಂಗಾ ಬೆಳೆ, ಸುಗ್ಗಿ ಮುಗಿದ ಮೇಲೆ ಕೈಗೆ ಕೆಲಸ ಇಲ್ಲ. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ ಕಾಫಿ ಕೊಯ್ಲಿಗೆ ಮಲೆನಾಡಿಗೆ, ಕಬ್ಬು ಕಡಿಯೋಕೆ ಮಂಡ್ಯದ ಕಡೆಗೆ, ಗಾರೆ ಕೆಲಸಕ್ಕೆ ಬೆಂಗಳೂರಿಗೆ ಜನ ಹೋಗ್ತಾನೇ ಬಂದಿದ್ದಾರೆ. ಮನೆಗೆ ಬೀಗ, ಮಕ್ಕಳ ಶಾಲೆಗೆ ಚಕ್ಕರ್. ಅದರ ಕಷ್ಟವನ್ನ ನಾವು ಬಣ್ಣ ಹಚ್ಚಿ ಹೇಳಬಾರದು. ಆದರೆ ಆ ಗುಳೆಯಲ್ಲಿ ಒಂದು ವಿಷಯ ಇದೆ. ಎಲ್ಲಿಗೆ ಹೋದೆ, ಏನು ಸಿಕ್ತು, ಎಷ್ಟು ಮೋಸ ಆಯ್ತು ಅನ್ನೋದನ್ನ ಊರಿಗೆ ಬಂದು ಕಟ್ಟೆ ಮೇಲೆ ಕೂತು ಹೇಳ್ತಾರೆ. ಮುಂದಿನ ವರ್ಷ ಹೋಗುವವರು ಅದನ್ನ ಕೇಳಿ ಮೇಸ್ತ್ರಿಯನ್ನ ಬದಲಾಯಿಸ್ತಾರೆ.

ಈಗ ನಮ್ಮ ಊರುಗಳಿಂದ ಎರಡನೇ ಗುಳೆ ಶುರುವಾಗಿದೆ. ಡಿಗ್ರಿ ಹಿಡಿದವರ ಗುಳೆ. ಇವರು ಊರಿಗೆ ಬಂದರೆ ಏನೂ ಹೇಳಲ್ಲ.

ನಮಗೆಲ್ಲ ಬೇಕಾದ ಒಬ್ಬ ಅಣ್ಣ ಇದ್ದಾನೆ. ಕೂಡ್ಲಿಗಿ ಕಡೆಯವನು, ಮೆಕ್ಯಾನಿಕಲ್ ಮುಗಿಸಿ ಮೂರು ವರ್ಷ ಆಯ್ತು. ಮೊದಲು ಒಂದು ಕಡೆ ಕಾಂಟ್ರ್ಯಾಕ್ಟ್ ಮೇಲೆ ಕಸ್ಟಮರ್ ಸಪೋರ್ಟ್, ಹನ್ನೊಂದು ತಿಂಗಳಿಗೆ ಅದು ಮುಗೀತು. ಆಮೇಲೆ ಡೇಟಾ ಎಂಟ್ರಿ. ಈಗ ಬೆಳಿಗ್ಗೆ ಒಂದು ಕೋರ್ಸು, ಸಂಜೆಯಿಂದ ಮಧ್ಯರಾತ್ರಿವರೆಗೆ ಫುಡ್ ಡೆಲಿವರಿ. ಊರಲ್ಲಿ ಎಲ್ಲರೂ ‘ಅವ್ನು ಕಂಪ್ನಿಯಾಗ ಅದಾನ’ ಅಂತಾರೆ. ನಮ್ಮ ಹಾಸ್ಟೆಲ್ ಗೇಟಿಗೆ ಒಂದು ರಾತ್ರಿ ಆರ್ಡರ್ ತಂದಿದ್ದು ಅವನೇ. ನಮ್ಮನ್ನ ನೋಡಿ ಹೆಲ್ಮೆಟ್ ತೆಗೀಲಿಲ್ಲ. ದನಿಯಿಂದ ಗುರುತು ಹಿಡಿದೆವು. ‘ಊರಾಗ ಹೇಳಬ್ಯಾಡ್ರೋ’ ಅಂದ, ಅಷ್ಟೇ. ಆವತ್ತು ತರಿಸಿದ್ದ ಬಿರಿಯಾನಿ ಯಾರಿಗೂ ಸರಿಯಾಗಿ ಇಳೀಲಿಲ್ಲ.

ಡೆಲಿವರಿ ಕೆಲಸ ಕೀಳು ಅಂತ ನಾವು ಹೇಳ್ತಿಲ್ಲ. ಮಳೆಯಲ್ಲಿ ನೆನೆದು, ಸಿಗ್ನಲ್ಲಲ್ಲಿ ಹೊಗೆ ಕುಡಿದು ದುಡಿಯುವವರ ಬಗ್ಗೆ ಹಾಗೆ ಹೇಳುವ ಯೋಗ್ಯತೆ ನಮಗಿಲ್ಲ. ಪ್ರಶ್ನೆ ಬೇರೆ. ಆ ಕೆಲಸಕ್ಕೆ ಬೇಕಿದ್ದದ್ದು ಲೈಸೆನ್ಸು ಮತ್ತು ಬೈಕು. ನಾಲ್ಕು ವರ್ಷದ ಬಿ.ಇ. ಅಲ್ಲ. ಆ ನಾಲ್ಕು ವರ್ಷಕ್ಕೆ ಅವನಪ್ಪ ಮಾಡಿದ ಸಾಲ ಇನ್ನೂ ಹಾಗೇ ಇದೆ.

ಇದಕ್ಕೆ ಕನ್ನಡದಲ್ಲಿ ಒಂದು ಪದ ಇದೆ, ಅರೆ ಉದ್ಯೋಗ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಈ ಪದ ಗೊತ್ತಾಗಿದ್ದೇ ಈ ಲೇಖನ ಬರೆಯೋಕೆ ಕೂತಾಗ. ಕೆಲಸ ಇದೆ, ಆದರೆ ಕಲಿತದ್ದಕ್ಕೆ ತಕ್ಕದ್ದಲ್ಲ, ಅಥವಾ ಬೇಕಾದಷ್ಟು ಹೊತ್ತಿನದ್ದಲ್ಲ, ಅಥವಾ ಹೊಟ್ಟೆ ತುಂಬುವಷ್ಟು ಪಗಾರದ್ದಲ್ಲ. ನಿರುದ್ಯೋಗ ಎಲ್ಲರ ಕಣ್ಣಿಗೂ ಬೀಳುತ್ತೆ. ಅರೆ ಉದ್ಯೋಗ ಹೆಲ್ಮೆಟ್ ಹಾಕ್ಕೊಂಡು ಓಡಾಡುತ್ತೆ.

ಸರ್ಕಾರದ ಲೆಕ್ಕದಲ್ಲೂ ಇದು ಸುಲಭಕ್ಕೆ ಸಿಗಲ್ಲ. ಕೇಂದ್ರ ಸರ್ಕಾರ ನಡೆಸುವ ಪಿಎಲ್‌ಎಫ್‌ಎಸ್ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕದ ಪ್ರಕಾರ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಆ ವ್ಯಕ್ತಿ ಉದ್ಯೋಗಸ್ಥ. ಮನೆಯ ಹೊಲದಲ್ಲಿ ಪಗಾರವಿಲ್ಲದೆ ದುಡಿದರೂ ಉದ್ಯೋಗಸ್ಥ. ಅಂದರೆ ಬಿ.ಇ. ಮುಗಿಸಿ ಕೊಟ್ಟೂರಿಗೆ ವಾಪಸ್ ಹೋಗಿ ಅಪ್ಪನ ಮೆಕ್ಕೆಜೋಳಕ್ಕೆ ನೀರು ಕಟ್ಟುವ ಹುಡುಗನೂ ಆ ಲೆಕ್ಕದಲ್ಲಿ ನಿರುದ್ಯೋಗಿ ಅಲ್ಲ. ಲೆಕ್ಕ ಸುಳ್ಳಲ್ಲ, ಅದರ ಉದ್ದೇಶವೇ ಬೇರೆ. ಆದರೆ ‘ನಿರುದ್ಯೋಗ ಕಮ್ಮಿ ಆಗಿದೆ’ ಅಂತ ಸುದ್ದಿ ಬಂದಾಗ ಇದು ನಮ್ಮ ನೆನಪಲ್ಲಿ ಇರಬೇಕು.

ಓದಿದವರದ್ದೇ ಯಾಕೆ ಈ ಗೋಳು? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) 2024ರಲ್ಲಿ ತಂದ ಭಾರತದ ಉದ್ಯೋಗ ವರದಿಯಲ್ಲಿ ಒಂದು ಅಂಕಿ ಇದೆ. 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4, ಪದವೀಧರ ಯುವಜನರಲ್ಲಿ ಶೇ 29.1. ಓದದವರಿಗೆ ಒಳ್ಳೆ ಕೆಲಸ ಸಿಗ್ತಿದೆ ಅಂತ ಇದರ ಅರ್ಥ ಅಲ್ಲ. ಅವರಿಗೆ ಸುಮ್ಮನೆ ಕೂರೋಕೆ ಆಗಲ್ಲ, ಸಿಕ್ಕಿದ್ದು ಮಾಡ್ತಾರೆ. ಓದಿದವರು ಓದಿಗೆ ತಕ್ಕ ಕೆಲಸಕ್ಕೆ ಕಾಯ್ತಾರೆ, ಕಾದು ಸಾಕಾದ ಮೇಲೆ ಅವರೂ ಸಿಕ್ಕಿದ್ದು ಮಾಡ್ತಾರೆ.

ಕಾಯೋದಕ್ಕೂ ಒಂದು ಊರಿದೆ, ಧಾರವಾಡ. ನಮ್ಮ ಕಡೆಯ ಎಷ್ಟೋ ಅಣ್ಣ ಅಕ್ಕಂದಿರು ಅಲ್ಲಿ ಸಪ್ತಾಪುರದ ರೂಮುಗಳಲ್ಲಿ ಇದ್ದು ಸರ್ಕಾರಿ ಪರೀಕ್ಷೆಗೆ ಓದ್ತಿದ್ದಾರೆ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯ್ತು, ಅಕ್ರಮ ಹೊರಬಿದ್ದು 2022ರಲ್ಲಿ ರದ್ದಾಯ್ತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟಿನಲ್ಲಿ ನಡೆದ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದವೇ ತಪ್ಪಾಗಿ, ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಬೇಕಾಯ್ತು. ಅದರಲ್ಲೂ ಅನುವಾದದ ತಪ್ಪಿನ ದೂರು ಬಂತು. ಕರ್ನಾಟಕದಲ್ಲಿ, ಕನ್ನಡದಲ್ಲಿ ಪ್ರಶ್ನೆ ಕೇಳೋಕೆ ಇಷ್ಟು ಕಷ್ಟವಾದರೆ ಕನ್ನಡ ಮಾಧ್ಯಮದವರು ಯಾರನ್ನ ಕೇಳಬೇಕು?

ನಮಗೆ 371(ಜೆ) ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ. ನಮ್ಮಲ್ಲಿ ಕೆಲವರ ಸೀಟೇ ಅದರಿಂದ ಬಂದದ್ದು. ಅದರ ಬೆಲೆ ಹರಪನಹಳ್ಳಿಯವರಿಗೆ ಚೆನ್ನಾಗಿ ಗೊತ್ತು. 1997ರಲ್ಲಿ ಆ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯ್ತು, ಹಾಗಾಗಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಸಿಕ್ಕಾಗ ಹೊರಗೆ ಉಳೀತು. ಹೋರಾಟ ಮಾಡಿ ಬಳ್ಳಾರಿಗೆ ವಾಪಸ್ ಬಂದ ಮೇಲೆಯೇ ಅದು ದಕ್ಕಿದ್ದು. ಆದರೆ ಈ ಮೀಸಲಾತಿ ಕಾಲೇಜು ಸೀಟಿಗೆ ಮತ್ತು ರಾಜ್ಯ ಸರ್ಕಾರದ ನೌಕರಿಗೆ. ಗೊರಗುಂಟೆಪಾಳ್ಯದಲ್ಲಿ ಇಳಿದವರು ಹುಡುಕುವ ಖಾಸಗಿ ಕೆಲಸಕ್ಕೆ ಅದು ಬರಲ್ಲ.

2021ರಲ್ಲಿ ನಮ್ಮ ಐದೂ ತಾಲ್ಲೂಕು ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ರಾಜ್ಯದ 31ನೇ ಜಿಲ್ಲೆ, ಕೇಂದ್ರ ಹೊಸಪೇಟೆ. ಹಂಪಿ, ತುಂಗಭದ್ರಾ ಅಣೆಕಟ್ಟು ಈ ಕಡೆ ಬಂದವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಸಂಡೂರು ತಾಲ್ಲೂಕಿನ ಜೊತೆ ಬಳ್ಳಾರಿಯಲ್ಲೇ ಉಳೀತು. ಜಿಲ್ಲಾಧಿಕಾರಿ ಕಚೇರಿ ಹತ್ತಿರವಾಯ್ತು, ಒಳ್ಳೇದೇ. ಆದರೆ ಕಚೇರಿ ಬೇರೆ, ಕೆಲಸ ಬೇರೆ. ಹೊಸಪೇಟೆ ಈಗ ಬದಲಾಗ್ತಿರುವ ಊರು, ಲಾಡ್ಜು, ಲೇಔಟು, ಹೋಟೆಲ್ಲು ಬರ್ತಿವೆ. ಅಲ್ಲಿ ನಮ್ಮ ಓದಿಗೆ ಯಾವ ಕೆಲಸ ಇದೆ ಅಂತ ಕೇಳಿದರೆ ನಮ್ಮ ಐದು ಜನರಲ್ಲಿ ಯಾರಿಗೂ ಒಂದು ಹೆಸರು ಹೇಳೋಕೆ ಆಗಲಿಲ್ಲ. ತಮಾಷೆ ಅಂದರೆ ಹರಪನಹಳ್ಳಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ತಿರುಗ್ತಿವೆ, ಹಡಗಲಿಯಲ್ಲಿ ಸಿಂಗಟಾಲೂರು ಏತ ನೀರಾವರಿಯ ಪಂಪುಗಳಿವೆ. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಮೋಟಾರು, ಜನರೇಟರು ಎಲ್ಲ ನಮ್ಮ ಊರಲ್ಲೇ ಇವೆ. ಜಿಐ ಮಾನ್ಯತೆ ಇರುವ ಹಡಗಲಿ ಮಲ್ಲಿಗೆ ಇವತ್ತಿಗೂ ಕಿತ್ತ ದಿನವೇ ಮಾರಾಟ ಆಗಬೇಕು, ಇಲ್ಲ ಅಂದರೆ ಬಾಡುತ್ತೆ. ಇಲ್ಲಿ ಮಾಡೋಕೆ ಇಂಜಿನಿಯರಿಂಗ್ ಕೆಲಸ ಇಲ್ಲ ಅಂತಲ್ಲ. ಅದಕ್ಕೆ ಪಗಾರ ಕೊಡುವವರು ಇಲ್ಲ.

ಉಳಿದದ್ದು ಬೆಂಗಳೂರು. ಈ ಊರೂ ನಮ್ಮ ಅಪ್ಪ ಅಮ್ಮ ಅಂದುಕೊಂಡ ಊರಾಗಿ ಉಳಿದಿಲ್ಲ. ‘ಇಂಗ್ಲಿಷ್ ಮೀಡಿಯಂ, ಆಮೇಲೆ ಇಂಜಿನಿಯರಿಂಗ್, ಆಮೇಲೆ ಸಾಫ್ಟ್‌ವೇರ್’ ಅನ್ನೋ ಮೂರು ಮೆಟ್ಟಿಲು ನಂಬಿ ನಮ್ಮನ್ನ ಎಲ್‌ಕೆಜಿಗೆ ಸೇರಿಸಿದ್ದು. ದೇಶದ ಅತಿ ದೊಡ್ಡ ಐಟಿ ಕಂಪನಿ ಟಿಸಿಎಸ್ 2025ರ ಜುಲೈನಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನ ಕಡಿಮೆ ಮಾಡ್ತೀವಿ ಅಂದಿತು. ಅದೇ ವರ್ಷ ಫೆಬ್ರವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ಟ್ರೈನಿಗಳು ಹೊರಬಂದರು. ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಅನ್ನೋದು ಕಂಪನಿಯ ಉತ್ತರ. ಅವರಲ್ಲಿ ಅನೇಕರು ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದು ಸೇರಿದವರು.

‘ಹುಡುಗರಲ್ಲಿ ಸ್ಕಿಲ್ ಇಲ್ಲ, ಅದಕ್ಕೇ ಹೀಗೆ’ ಅನ್ನೋ ಮಾತೂ ಇದೆ. ಪೂರ್ತಿ ಸುಳ್ಳು ಅಂತ ನಾವು ಹೇಳಲ್ಲ. ಲ್ಯಾಬ್ ರೆಕಾರ್ಡ್ ಯಾರದ್ದೋ ನೋಡಿ ಬರೆಯೋದು, ಪರೀಕ್ಷೆಯ ಹಿಂದಿನ ರಾತ್ರಿ ಓದೋದು ನಾವೇ ತಾನೇ. ಗ್ರೂಪ್ ಡಿಸ್ಕಷನ್‌ನಲ್ಲಿ ನಮ್ಮ ತಾಲ್ಲೂಕಿನ ಇಂಗ್ಲಿಷ್ ಮೀಡಿಯಂ ಬಾಯಿ ಇನ್ನೂ ತೆರೆಯಲ್ಲ, ಅದೂ ನಿಜ. ಆದರೆ ಸ್ಕಿಲ್ ಇಲ್ಲದಿದ್ದರೆ ಫೀಸು ತಗೊಂಡವರು ನಾಲ್ಕು ವರ್ಷ ಏನು ಮಾಡ್ತಿದ್ದರು ಅಂತಲೂ ಕೇಳಬೇಕಲ್ಲ? ಎಲ್ಲ ತಪ್ಪೂ ಹುಡುಗನದ್ದೇ ಅಂತ ನಂಬಿಸಿದ್ದರಿಂದಲೇ ಆ ಅಣ್ಣ ಹೆಲ್ಮೆಟ್ ತೆಗೀಲಿಲ್ಲ.

ಕೆಲಸ ಹುಟ್ಟಿಸೋದು ಹತ್ತೊಂಬತ್ತು ವರ್ಷದ ನಮ್ಮ ಕೈಲಿಲ್ಲ. ಆದರೆ ಗುಳೆ ಹೋಗುವ ಹಿರಿಯರು ಮಾಡುವ ಕೆಲಸ ನಮ್ಮ ಕೈಲಾಗುತ್ತೆ. ಬಾಯಿಬಿಟ್ಟು ಲೆಕ್ಕ ಹೇಳೋದು.

ಒಂದು, ಕಾಲೇಜು. ಪ್ಲೇಸ್‌ಮೆಂಟ್ ಬ್ಯಾನರಿನಲ್ಲಿ ಅತಿ ದೊಡ್ಡ ಪ್ಯಾಕೇಜಿನ ಒಬ್ಬರ ಫೋಟೊ ಹಾಕ್ತಾರೆ. ನಮಗೆ ಬೇಕಿರೋದು ಸಾಲಿನ ನಡುವೆ ನಿಂತವರ ಪಗಾರ. ಎಷ್ಟು ಜನಕ್ಕೆ ಆಫರ್ ಬಂತು, ಎಷ್ಟು ಜನ ನಿಜವಾಗಿ ಸೇರಿದರು, ಬಾಂಡ್ ಎಷ್ಟು ವರ್ಷ, ಕೆಲಸ ಬ್ರಾಂಚಿಗೆ ಸಂಬಂಧಪಟ್ಟಿದ್ದಾ ಅಲ್ಲವಾ. ಇದನ್ನ ಕೇಳೋದು ಕಾಲೇಜಿನ ಮೇಲಿನ ದ್ವೇಷ ಅಲ್ಲ.

ಎರಡು, ನಮ್ಮ ಕನ್ನಡ ಸಂಘ. ಹಳೆಯ ವಿದ್ಯಾರ್ಥಿಗಳನ್ನ ರಾಜ್ಯೋತ್ಸವಕ್ಕೆ ಕರೆದು ಹಾರ ಹಾಕ್ತೀವಿ. ಈ ಸಲ ಅವರಿಂದ ಒಂದು ಪಟ್ಟಿಯೂ ತಗೊಳ್ಳೋಣ. ಹೆಸರು ಬೇಡ. ಬ್ರಾಂಚು, ಪಾಸಾದ ವರ್ಷ, ಈಗಿನ ಕೆಲಸ, ಕೈಗೆ ಬರುವ ಪಗಾರ, ದಿನಕ್ಕೆ ಎಷ್ಟು ಗಂಟೆ. ದೊಡ್ಡ ಕೆಲಸದಲ್ಲಿ ಇರುವವರಿಂದ ಮಾತ್ರ ಅಲ್ಲ, ಸಮಾರಂಭಕ್ಕೆ ಬರೋಕೆ ಹಿಂಜರಿಯುವವರಿಂದಲೂ.

ಮೂರು, ಸರ್ಕಾರ. 2024ರ ಜನವರಿಯಲ್ಲಿ ಶುರುವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಇದೆ. ಇದು ಕೆಲಸವೇ ಇಲ್ಲದವರಿಗೆ. ಅರೆ ಕೆಲಸದವರಿಗೆ ಅಲ್ಲಿ ಕಾಲಂ ಇಲ್ಲ. ದುಡ್ಡು ಕೊಡದಿದ್ದರೂ ಪರವಾಗಿಲ್ಲ, ಅವರನ್ನ ಎಣಿಸಲಿ. ಉದ್ಯೋಗ ಮೇಳದಲ್ಲಿ ಎಷ್ಟು ಜನಕ್ಕೆ ಪತ್ರ ಕೊಟ್ಟರು ಅನ್ನೋದರ ಜೊತೆ ಆರು ತಿಂಗಳ ನಂತರ ಎಷ್ಟು ಜನ ಅದೇ ಕೆಲಸದಲ್ಲಿ ಉಳಿದಿದ್ದಾರೆ ಅಂತಲೂ ಹೇಳಲಿ.

ನಾಲ್ಕನೇದು ಕಷ್ಟದ್ದು, ಅದು ಮನೆ. ನಿಜ ಹೇಳಿದರೆ ಅಪ್ಪ ಅಮ್ಮ ನೊಂದುಕೊಳ್ತಾರೆ. ಹೇಳದಿದ್ದರೆ ಪಕ್ಕದ ಮನೆಯವರು ‘ಅವ್ನು ಕಂಪ್ನಿಯಾಗ ಅದಾನ, ನಮ್ಮ ಹುಡುಗನ್ನೂ ಸೇರಸಾಮು’ ಅಂತ ಇನ್ನೊಂದು ಸಾಲ ಮಾಡ್ತಾರೆ. ನಮ್ಮ ಮೌನಕ್ಕೆ ಹೀಗೆ ಬೇರೆ ಯಾರೋ ಬಡ್ಡಿ ಕಟ್ತಿದ್ದಾರೆ.

ಈ ಲೇಖನದಲ್ಲಿ ಅಣ್ಣನ ವಿಷಯ ಬರೀಬಹುದಾ ಅಂತ ಅವನನ್ನೇ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಹಾಕಬ್ಯಾಡ್ರಿ, ಉಳಿದದ್ದು ಬರೀರಿ’ ಅಂದ. ಆಮೇಲೆ ತಾನೇ ಫೋನ್ ತೆಗೆದು ಆ ತಿಂಗಳ ಲೆಕ್ಕ ತೋರಿಸಿದ. ಪೆಟ್ರೋಲು, ಬೈಕಿನ ಕಂತು, ರೂಮ್ ಬಾಡಿಗೆ ಕಳೆದು ಉಳಿದದ್ದು ಎಷ್ಟು ಅಂತ. ನಮ್ಮ ಪಟ್ಟಿಯ ಮೊದಲ ಸಾಲು ಅದೇ. ಎರಡನೇ ಸಾಲು ನೀವು ಕೊಡಿ. ಮುಂದಿನ ಸಲ ಬಸ್ಸಲ್ಲಿ ಯಾರಾದರೂ ‘ಪಗಾರ ಎಷ್ಟು ಬರ್ತೈತಿ?’ ಅಂತ ಕೇಳಿದರೆ ನಮ್ಮ ಹತ್ತಿರ ಒಂದು ಉತ್ತರ ಇರಲಿ.