ಉಸಿರು ಉಳಿಸಿದರು, ಮನಸ್ಸನ್ನು ಬೀದಿಗೆ ಬಿಟ್ಟರು

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು." ನಮ್ಮ ಊರಿನ ಪ್ರಮುಖರೊಬ್ಬರು ಮೊನ್ನೆ ಈ ಗಾದೆಯನ್ನು ನನ್ನ ಮುಖಕ್ಕೆ ಹಿಡಿದರು. ನಾನು ಕೇಳಿದ್ದು ಇಷ್ಟೇ: ಐಸಿಯು ಎಂದು ನಾವೆಲ್ಲ ಕರೆಯುವ ತೀವ್ರ ನಿಗಾ ಘಟಕದಲ್ಲಿ ಸಾವಿನ ಬಾಯಿಂದ ಪಾರಾಗಿ ಬಂದ ಕೂಲಿಕಾರರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಸಿಗಬೇಕು. "ಮಾತ್ರೆಗೇ ಗತಿಯಿಲ್ಲದ ಜನಕ್ಕೆ ಮಾತಿನ ಚಿಕಿತ್ಸೆಯೇ? ಅದು ಶ್ರೀಮಂತರ ಷೋಕಿ" ಎಂದು ಅವರು ನಕ್ಕರು. ಆ ನಗೆಗೆ ಉತ್ತರ ಕೊಡದೆ ಬಿಡುವಂತಿಲ್ಲ.

ನಮ್ಮ ಸಂಗಾತಿಯೊಬ್ಬರ ಕಥೆ ಕೇಳಿ. ಹೆಸರು ಬೇಡ. ಸ್ಪಿನ್ನಿಂಗ್ ಖಾತೆಯಲ್ಲಿ ಹದಿನಾರು ವರ್ಷ ದುಡಿದವರು. 2021ರ ಮೇ ತಿಂಗಳಲ್ಲಿ ಕೊರೊನಾ ತಗುಲಿ ಹನ್ನೊಂದು ದಿನ ವೆಂಟಿಲೇಟರಿನ ಮೇಲಿದ್ದರು. ಬದುಕಿ ಬಂದಾಗ ಓಣಿಯ ಹೆಂಗಸರು ಆರತಿ ಎತ್ತಿದರು. ಮೂರನೆಯ ವಾರದಿಂದ ಶುರುವಾಯಿತು. ನಡುರಾತ್ರಿ ಎದ್ದು ಕೂತು ಗಂಟಲಿನಿಂದ ಇಲ್ಲದ ನಳಿಗೆ ಕೀಳುವುದು. "ಕೈ ಕಟ್ಟಿ ಹಾಕಿ ಕೊಲ್ಲಲು ಬಂದಿದ್ದಾರೆ" ಎಂದು ಚೀರುವುದು. ಆಸ್ಪತ್ರೆಯ ರಸ್ತೆಯಲ್ಲಿ ನಡೆಯಲು ಸಹ ಒಪ್ಪರು. ಶ್ವಾಸಕೋಶ ತೋರಿಸಲೂ ಹೋಗಲಿಲ್ಲ. ಕೆಲಸಕ್ಕೆ ಮರಳಿದ ಮೊದಲ ದಿನವೇ ಹತ್ತಿಯ ಧೂಳಿಗೆ ಉಸಿರು ಕಟ್ಟಿದಂತಾಗಿ ಖಾತೆಯಿಂದ ಓಡಿಬಂದರು. ಮೇಸ್ತ್ರಿ "ಮೈಗಳ್ಳ" ಎಂದ. ಮನೆಯವರು ತಾಯಿತ ಕಟ್ಟಿಸಿದರು. ನಾನೂ ಹೋಗಿ "ಧೈರ್ಯವಾಗಿರಿ ಅಣ್ಣಾ, ಆದದ್ದು ಆಯಿತು" ಎಂದು ಬೆನ್ನು ತಟ್ಟಿ ಬಂದೆ. ಎಂಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ನಾಲ್ಕು ಒಳ್ಳೆಯ ಮಾತು ಹೇಳಿದರೆ ಸಾಕೆಂಬ ಭ್ರಮೆ. ಆರು ತಿಂಗಳಲ್ಲಿ ಅವರ ಕೆಲಸ ಹೋಯಿತು. ಮೇಸ್ತ್ರಿಯ ತಪ್ಪು, ತಾಯಿತದವನ ತಪ್ಪು, ನನ್ನ ತಪ್ಪು, ಮೂರೂ ಒಂದೇ: ಖಾಯಿಲೆಯನ್ನು ಖಾಯಿಲೆ ಎಂದು ನಾವು ತಿಳಿಯಲಿಲ್ಲ.

ಇದು ಕೂಲಿಕಾರನೊಬ್ಬನ ಪಾಡಲ್ಲ. ಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರು ಐಸಿಯುದಿಂದ ಬಂದ ಮೇಲೆ ತಮ್ಮ ಅಂಗಡಿಯ ಕರೆಂಟು ತಕ್ಕಡಿಯನ್ನೇ ಮೂಲೆಗೆ ಸರಿಸಿದರು. ಅದರ 'ಟೀಂ' ಎಂಬ ಸದ್ದು ಕೇಳಿದರೆ ಹಾಸಿಗೆಯ ಪಕ್ಕದ ಯಂತ್ರ ನೆನಪಾಗಿ ಮೈ ಬೆವರುತ್ತಿತ್ತು. ಅಂಗಡಿ ಅರ್ಧ ದಿನ ಮುಚ್ಚಿತು. ಸಾಲಗಾರರು ಅರ್ಧ ದಿನ ಸುಮ್ಮನಿರಲಿಲ್ಲ.

ಹೀಗೇಕಾಗುತ್ತದೆ? ವೆಂಟಿಲೇಟರಿನ ಮೇಲಿರುವ ರೋಗಿಗೆ ಮಂಪರಿನ ಔಷಧಿ ಕೊಟ್ಟಿರುತ್ತಾರೆ. ನಳಿಗೆ ಕೀಳಬಾರದೆಂದು ಎಷ್ಟೋ ಕಡೆ ಕೈ ಕಟ್ಟುತ್ತಾರೆ. ಹಗಲು ರಾತ್ರಿ ದೀಪ. ನಿದ್ದೆಯಿಲ್ಲ, ಮಾತಿಲ್ಲ, ಮನೆಯವರ ಮುಖವಿಲ್ಲ. ಇಂತಹ ರೋಗಿಗಳಲ್ಲಿ ಬಹಳ ಮಂದಿಗೆ, ನಮ್ಮ ಹಿರಿಯರು ಸನ್ನಿ ಎಂದು ಕರೆಯುತ್ತಿದ್ದ ಭ್ರಮೆಯ ಸ್ಥಿತಿ ಬರುತ್ತದೆ. ಸೂಜಿ ಹಿಡಿದ ನರ್ಸು ಕೊಲೆಗಡುಕಿಯಂತೆ ಕಾಣುತ್ತಾಳೆ. ಸನ್ನಿ ಇಳಿಯುತ್ತದೆ, ಆಗ ಕಂಡ ಸುಳ್ಳು ಮಾತ್ರ ನಿಜದ ನೆನಪಾಗಿ ಉಳಿಯುತ್ತದೆ. ಇಂತಹ ಸುಳ್ಳು ನೆನಪು ಉಳಿದವರಲ್ಲೇ ಮುಂದೆ ಈ ಭಯದ ಲಕ್ಷಣಗಳು ಹೆಚ್ಚೆಂದು ಇಂಗ್ಲೆಂಡಿನಲ್ಲಿ ಕ್ರಿಸ್ಟಿನಾ ಜೋನ್ಸ್ ಮತ್ತು ಸಂಗಡಿಗರು 2001ರಲ್ಲೇ ತೋರಿಸಿದರು. ಐಸಿಯುದಿಂದ ಬದುಕಿ ಬಂದ ಐವರಲ್ಲಿ ಸುಮಾರು ಒಬ್ಬರಿಗೆ ಮೊದಲ ವರ್ಷದಲ್ಲಿ ಈ ಆಘಾತದ ಲಕ್ಷಣಗಳು ಇರುತ್ತವೆಂದು ಅನೇಕ ದೇಶಗಳ ಅಧ್ಯಯನಗಳು ಹೇಳುತ್ತವೆ. ಇವರೆಲ್ಲ ಮೈಗಳ್ಳರೇ?

"ಮಾತಿನಿಂದ ರೋಗ ವಾಸಿಯಾದೀತೇ?" ಎಂಬುದು ಎರಡನೆಯ ಕುಹಕ. ಮಾತಿನ ಚಿಕಿತ್ಸೆ ಎಂದರೆ ಕಟ್ಟೆಯ ಮೇಲಿನ ಹರಟೆಯಲ್ಲ, ನಾನು ಹೇಳಿಬಂದಂಥ ಉಪದೇಶವೂ ಅಲ್ಲ. ತರಬೇತಿ ಪಡೆದವರ ಎದುರು ರೋಗಿಯು ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ತನ್ನ ಮಾತಿನಲ್ಲೇ ಹೇಳುತ್ತಾನೆ. ಎಲ್ಲಿ ನಿಜ, ಎಲ್ಲಿ ಸನ್ನಿಯ ಸುಳ್ಳು ಎಂದು ಇಬ್ಬರೂ ಕೂಡಿ ಬಿಡಿಸುತ್ತಾರೆ. ಹೆದರಿ ಬಿಟ್ಟ ರಸ್ತೆಗೆ, ಖಾತೆಗೆ, ತಕ್ಕಡಿಗೆ ಹೆಜ್ಜೆ ಹೆಜ್ಜೆಯಾಗಿ ಮರಳುವ ಅಭ್ಯಾಸ ಮಾಡಿಸುತ್ತಾರೆ. ಆಘಾತ ಯಾವ ಕಾರಣದಿಂದಲೇ ಆಗಿರಲಿ, ಇಂತಹ ಚಿಕಿತ್ಸೆಯನ್ನು ಸಾಮಾನ್ಯವಾಗಿ 8ರಿಂದ 12 ಬೈಠಕ್ ಕೊಡಬೇಕೆಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದಕ್ಕೆ ಇಂಗ್ಲಿಷ್ ಬೇಡ, ದೊಡ್ಡ ಯಂತ್ರ ಬೇಡ. ಎರಡು ಕುರ್ಚಿ, ಮುಚ್ಚುವ ಒಂದು ಬಾಗಿಲು, ಕಲಿತ ಒಬ್ಬ ಮನುಷ್ಯ ಸಾಕು.

ನಮಗೆ ಅನುಕೂಲವಲ್ಲದ ಸಂಗತಿಯನ್ನೂ ಮುಚ್ಚಿಡುವುದು ಬೇಡ. ಬ್ರಿಟನ್ನಿನ 24 ಐಸಿಯುಗಳಲ್ಲಿ ರೋಗಿ ಹಾಸಿಗೆಯಲ್ಲಿರುವಾಗಲೇ ನರ್ಸುಗಳಿಂದ ಇಂತಹ ಬೈಠಕ್ ಮಾಡಿಸಿ ನೋಡಿದರು. ಆರು ತಿಂಗಳ ನಂತರ ಆಘಾತದ ಲಕ್ಷಣಗಳು ಅದರಿಂದ ತಗ್ಗಿರಲಿಲ್ಲ ಎಂದು 2019ರಲ್ಲಿ ಪ್ರಕಟಿಸಿದರು. ಇದನ್ನೇ ಹಿಡಿದು ಮಾತಿನ ಚಿಕಿತ್ಸೆ ದಂಡ ಎನ್ನುವವರಿದ್ದಾರೆ. ಬೀಜವನ್ನು ಬೇಸಿಗೆಯಲ್ಲಿ ಬಿತ್ತಿ ಬೆಳೆ ಬರಲಿಲ್ಲವೆಂದರೆ ಬೀಜದ ತಪ್ಪೇ? ಸನ್ನಿ ಇಳಿದು, ಮನೆಗೆ ಬಂದು, ತಿಂಗಳು ಕಳೆದರೂ ಭಯ ಬಿಡದವರನ್ನು ಗುರುತಿಸಿ, ಅವರಿಗೆ, ತರಬೇತಿ ಪಡೆದವರಿಂದಲೇ ಕೊಡಿಸಬೇಕು. ಎಲ್ಲರಿಗೂ ಒಂದೊಂದು ಉಪನ್ಯಾಸ ಕೊಟ್ಟು ಕೈತೊಳೆದುಕೊಳ್ಳುವ ಯೋಜನೆ ನಮಗೂ ಬೇಡ.

ಈಗ ದುಡ್ಡಿನ ಮಾತಿಗೆ ಬರೋಣ. 2018ರಲ್ಲಿ ಬಂದ ಆಯುಷ್ಮಾನ್ ಕಾರ್ಡು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಭರವಸೆ ಕೊಡುತ್ತದೆ. ಆದರೆ ಅದು ಆಸ್ಪತ್ರೆಗೆ ಸೇರಿದವನ ಕಾರ್ಡು. ಬಿಡುಗಡೆಯಾದ ನಂತರ 15 ದಿನಕ್ಕೆ ಅದರ ಗಡುವು ಮುಗಿಯುತ್ತದೆ. ಹೊರರೋಗಿಯಾಗಿ ಬಂದು ಕೂರುವವನಿಗೆ ಅದರಲ್ಲಿ ಕಾಸಿಲ್ಲ. ಈ ಭಯದ ಲಕ್ಷಣಗಳನ್ನೋ, ಒಂದು ತಿಂಗಳು ದಾಟಿದರೂ ಬಿಡದಿದ್ದರೆ ಮಾತ್ರ ವೈದ್ಯರು ಖಾಯಿಲೆ ಎಂದು ಹೆಸರಿಸುತ್ತಾರೆ. ಲೆಕ್ಕ ನೋಡಿದಿರಾ? ಖಾಯಿಲೆಗೆ ಹೆಸರು ಬರುವ ಹೊತ್ತಿಗೆ ಕಾರ್ಡಿನ ಬಾಗಿಲು ಮುಚ್ಚಿರುತ್ತದೆ! ಹಾಸಿಗೆಗೆ ಲಕ್ಷ ಸುರಿದವರು, ಆ ಹಾಸಿಗೆಯಿಂದ ಎದ್ದವನು ಮತ್ತೆ ದುಡಿಯುವಂತಾಗಲು ನೂರು ರೂಪಾಯಿ ಬಿಚ್ಚರು.

ಇಎಸ್ಐ ಇದ್ದವರ ಗತಿ ಏನು? ಸಾಮಾನ್ಯ ಖಾಯಿಲೆಯ ಭತ್ಯ ವರ್ಷಕ್ಕೆ ಹೆಚ್ಚೆಂದರೆ 91 ದಿನ, ಕೂಲಿಯ ಶೇಕಡಾ 70. ಮೈ ಸುಧಾರಿಸಿಕೊಳ್ಳುವುದಕ್ಕೇ ಆ ದಿನಗಳು ಮುಗಿದರೆ ಮನಸ್ಸಿಗೆ ಉಳಿಯುವುದು ಯಾವ ದಿನ? ಸಣ್ಣ ವ್ಯಾಪಾರಿಗೆ ಅದೂ ಇಲ್ಲ.

ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯು ಸರ್ಕಾರದ ಖರ್ಚಿನಲ್ಲಿ ನಡೆಯುವ ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ದೇಹದ ರೋಗಕ್ಕೆ ಹೇಗೋ ಮನಸ್ಸಿನ ರೋಗಕ್ಕೂ ಹಾಗೆಯೇ ವಿಮೆ ಕೊಡಬೇಕೆಂದು ವಿಮಾ ಕಂಪನಿಗಳಿಗೂ ವಿಧಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ! ಇದು ಪರದೇಶದ ಸರಕೂ ಅಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ದೇಶಕ್ಕೆ ದಾರಿ ತೋರಿಸಿದ ನಾಡಿನಲ್ಲಿ ಐಸಿಯುದಿಂದ ಬಂದವನಿಗೆ ತಾಯಿತವೇ ಗತಿ ಎಂದರೆ ನಾಚಿಕೆಯಾಗಬೇಡವೇ?

ಐಸಿಯು ಹುಟ್ಟಿದ ಕಥೆಯನ್ನೂ ನೆನೆಯಿರಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹರಡಿತು. ಉಸಿರಾಡಿಸುವ ಯಂತ್ರಗಳು ಸಾಲದಾದವು. ಬ್ಯೋರ್ನ್ ಇಬ್ಸನ್ ಎಂಬ ವೈದ್ಯರ ಮಾತಿನಂತೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ತಲೆದೆಸೆಯಲ್ಲಿ ಕೂತು, ಕೈಯಿಂದ ಚೀಲ ಒತ್ತಿ ಒತ್ತಿ ಉಸಿರು ಕೊಟ್ಟರು. ಯಂತ್ರಕ್ಕಿಂತ ಮೊದಲು ಅಲ್ಲಿ ಒಬ್ಬ ಮನುಷ್ಯ ಇದ್ದ. ಆ ಮನುಷ್ಯನನ್ನು ಮರಳಿ ಕೊಡಿ ಎಂದೇ ನಾವು ಕೇಳುತ್ತಿರುವುದು.

ಆದ್ದರಿಂದ ನಮ್ಮ ಬೇಡಿಕೆಗಳು:

1. ಐಸಿಯುದಿಂದ ಬಿಡುಗಡೆಯಾದ ಪ್ರತಿಯೊಬ್ಬರನ್ನೂ ಎರಡು ಮೂರು ತಿಂಗಳ ಒಳಗೆ ಮರಳಿ ಕರೆಸಿ, ನಿದ್ದೆ, ಭಯ, ನೆನಪುಗಳ ಬಗ್ಗೆ ವಿಚಾರಿಸಬೇಕು.

2. ಜಿಲ್ಲಾ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರು ಇರಬೇಕು. ವಾರಕ್ಕೆ ಎರಡು ಸಂಜೆಯಾದರೂ, ಪಾಳಿ ಮುಗಿಸಿ ಬರುವವರಿಗೆ ಸಿಗಬೇಕು.

3. ಐಸಿಯು ನಂತರ ಒಂದು ವರ್ಷದವರೆಗೆ ಮಾತಿನ ಚಿಕಿತ್ಸೆಯ ಖರ್ಚು ಕಾರ್ಡಿನಲ್ಲಿ ಸೇರಬೇಕು.

4. ಬೈಠಕ್‌ಗೆ ಹೋದ ದಿನದ ಕೂಲಿ ಕಡಿಯಬಾರದು. ಮರಳಿ ಬಂದವರಿಗೆ ಮೊದಲ ತಿಂಗಳುಗಳಲ್ಲಿ ಹಗುರ ಕೆಲಸ ಕೊಡಬೇಕು.

ಸರ್ಕಾರ ಕಣ್ಣು ತೆರೆಯುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದು ಪೂರ್ಣ ಚಿಕಿತ್ಸೆಯಲ್ಲ. ದಾರಿ ತೋರಿಸುವ ಮೊದಲ ಬಾಗಿಲು. ಈ ಸಂಖ್ಯೆಯನ್ನು ಮಿಲ್ಲಿನ ಗೇಟಿನಲ್ಲಿ ಬರೆಯಿರಿ, ಅಂಗಡಿಯ ಗಲ್ಲದ ಪಕ್ಕ ಅಂಟಿಸಿರಿ. ನಿಮ್ಮ ಖಾತೆಯಲ್ಲಿ, ನಿಮ್ಮ ಸಾಲಿನ ಅಂಗಡಿಯಲ್ಲಿ ಐಸಿಯುದಿಂದ ಬಂದವರು ಇದ್ದರೆ "ಧೈರ್ಯವಾಗಿರಿ" ಎಂದು ಬೆನ್ನು ತಟ್ಟಿ ಹೊರಟುಬಿಡಬೇಡಿ. "ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ಕೇಳಿ. ಅವರು ಹೇಳುವುದನ್ನು ಕೂತು ಕೇಳಿ. ನಾನು ಅಂದು ಕೇಳಲಿಲ್ಲ.