ಕಂದು ಹಾಕಿದ ಕುದುರೆಯ ಸುದ್ದಿ ಮುಚ್ಚಿಡಬಾರದು

ಸುಮಾರು ಹನ್ನೊಂದು ತಿಂಗಳು ಗಬ್ಬ ಹೊರುವ ಕುದುರೆ ಎಂಟನೆಯದೋ ಒಂಬತ್ತನೆಯದೋ ತಿಂಗಳಲ್ಲಿ ಕೆಲವೊಮ್ಮೆ ಇದ್ದಕ್ಕಿದ್ದಂತೆ ಕಂದು ಹಾಕುತ್ತದೆ. ಅಲ್ಲಿಯವರೆಗೆ ಅದು ಮೇವು ಬಿಟ್ಟಿರುವುದಿಲ್ಲ, ಜ್ವರವೂ ಕಂಡಿರುವುದಿಲ್ಲ. ಹೀಗಾಗಲು ಒಂದು ಮುಖ್ಯ ಕಾರಣ ಇಕ್ವೈನ್ ಹರ್ಪಿಸ್ ವೈರಸ್-1. ಅಮೆರಿಕದ ಕೆಂಟಕಿಯ ವಿಜ್ಞಾನಿಗಳು 1930ರ ದಶಕದಲ್ಲೇ ಈ ನಷ್ಟದ ಹಿಂದೆ ವೈರಸ್ ಇದೆಯೆಂದು ಗುರುತಿಸಿದ್ದರು. ಇಷ್ಟು ವರ್ಷಗಳಾದರೂ ರೋಗ ಲಾಯಗಳನ್ನು ಬಿಟ್ಟು ಹೋಗಿಲ್ಲ. ಔಷಧದ ಕೊರತೆಯಷ್ಟೇ ಇದಕ್ಕೆ ಕಾರಣವಲ್ಲ, ಕಂದು ಹಾಕಿದ ಸುದ್ದಿಯನ್ನು ಬಚ್ಚಿಡುವ ಅಭ್ಯಾಸವೂ ಅದಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು ನನ್ನ ವಾದ.

ವೈರಸ್‌ನ ನಡೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದು ಮೂಗಿನಿಂದ ಒಳಹೊಕ್ಕು, ರಕ್ತಕಣಗಳನ್ನೇರಿ ಗರ್ಭಕೋಶದ ರಕ್ತನಾಳಗಳನ್ನು ತಲುಪಿ ಅವನ್ನು ಹಾಳುಗೆಡವುತ್ತದೆ. ಒಮ್ಮೆ ಸೋಂಕಿದರೆ ದೇಹದಲ್ಲೇ ಜೀವನಪರ್ಯಂತ ಅಡಗಿದ್ದು, ದೂರದ ಸಾಗಾಟ, ಮರಿಯ ಅಗಲಿಕೆ, ಹೊಸ ಗುಂಪಿನ ಸಹವಾಸದಂಥ ಒತ್ತಡ ಬಂದಾಗ ಮತ್ತೆ ಏಳುತ್ತದೆ. ಆದ್ದರಿಂದ ಯಾವ ಲಾಯವೂ ತಾನು ಸಂಪೂರ್ಣ ಶುದ್ಧವೆಂದು ಹೇಳಿಕೊಳ್ಳುವಂತಿಲ್ಲ. ಸತ್ತು ಬಿದ್ದ ಭ್ರೂಣ, ಮಾಸು, ಗರ್ಭದ ನೀರಿನಲ್ಲಂತೂ ವೈರಸ್ ತುಂಬಿರುತ್ತದೆ. ಅವನ್ನು ಮೂಸಿದ ಇತರ ಗಬ್ಬದ ಕುದುರೆಗಳಿಗೂ ಸೋಂಕು ತಗುಲಿ, ಒಂದರ ನಷ್ಟ ಇಡೀ ಗುಂಪಿನ ನಷ್ಟವಾಗಬಹುದು.

ಲಸಿಕೆ ಇದೆಯಲ್ಲ ಎನ್ನುವವರಿದ್ದಾರೆ. ಗಬ್ಬದ ಐದು, ಏಳು, ಒಂಬತ್ತನೇ ತಿಂಗಳಲ್ಲಿ ಅದನ್ನು ಹಾಕಿಸಲೇಬೇಕು. ಆದರೆ ಅದು ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ನೀಗಿಸುವುದಿಲ್ಲ. ಲಸಿಕೆ ಹಾಕಿಸಿಕೊಂಡ ಕುದುರೆಯೂ ಕಂದು ಹಾಕಬಹುದು. ಆಗ ಕೈಹಿಡಿಯುವುದು ಮೊದಲ ದಿನದ ಶಿಸ್ತು: ಆ ಕುದುರೆಯನ್ನು ಬೇರೆ ಕಟ್ಟುವುದು, ಭ್ರೂಣ ಮತ್ತು ಮಾಸನ್ನು ಸೋರದಂತೆ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸುವುದು, ಜಾಗವನ್ನು ಸೋಂಕುನಾಶಕದಿಂದ ತೊಳೆಯುವುದು, ಫಲಿತಾಂಶ ಬರುವವರೆಗೆ ಕುದುರೆಗಳ ಓಡಾಟ ನಿಲ್ಲಿಸುವುದು. ಫಲಿತಾಂಶ ಕಾದು ಆಮೇಲೆ ಎಚ್ಚೆತ್ತರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಎಲ್ಲ ಗರ್ಭಪಾತಕ್ಕೂ ವೈರಸ್ ಕಾರಣವಲ್ಲ, ಪ್ರತಿಯೊಂದಕ್ಕೂ ಪರೀಕ್ಷೆಯ ಖರ್ಚೇಕೆ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಅವಳಿ ಗಬ್ಬ, ಹೊಕ್ಕುಳಬಳ್ಳಿಯ ತಿರುಚು, ಬ್ಯಾಕ್ಟೀರಿಯಾ ಸೋಂಕಿನಿಂದಲೂ ಕಂದು ಬೀಳುತ್ತದೆ. ಆದರೆ ಯಾವುದು ಯಾವುದೆಂದು ಬರಿಗಣ್ಣಿಗೆ ತಿಳಿಯದಿರುವುದರಿಂದಲೇ ಪರೀಕ್ಷೆ ಬೇಕು. ಸುದ್ದಿ ಹೊರಬಿದ್ದರೆ ಲಾಯದ ಹೆಸರು ಕೆಡುತ್ತದೆಂಬುದು ಇನ್ನೊಂದು, ಇನ್ನೂ ಆಳವಾದ ಅಳುಕು. ಇದಕ್ಕೆ ಬ್ರಿಟನ್ನಿನ ಅನುಭವವೇ ಉತ್ತರ. 1977ರಲ್ಲಿ ಕುದುರೆಗಳಲ್ಲಿ ಬೇರೊಂದು ಸಂತಾನೋತ್ಪತ್ತಿ ಸಂಬಂಧಿ ರೋಗ ಕಂಡಾಗ ಅಲ್ಲಿ ರೂಪುಗೊಂಡ ಸ್ವಯಂಪ್ರೇರಿತ ಸಂಹಿತೆ ಇಂದು ಹರ್ಪಿಸ್‌ಗೂ ಅನ್ವಯಿಸುತ್ತದೆ. ರೋಗ ಕಂಡರೆ ಕುದುರೆಗಳ ಮಾಲೀಕರಿಗೆ ತಿಳಿಸುವುದು ಅದರ ತಿರುಳು. ಕೆಂಟಕಿಯ ಅನುಭವವೂ ಇದನ್ನೇ ಹೇಳುತ್ತದೆ. 1984ರಲ್ಲಿ ಅಲ್ಲಿ ಕುದುರೆಗಳ ಇನ್ನೊಂದು ವೈರಸ್ ರೋಗವಾದ ವೈರಲ್ ಆರ್ಟೆರೈಟಿಸ್ ಹಬ್ಬಿತು. ನೋಡಲು ಆರೋಗ್ಯವಾಗಿರುವ ಬೀಜದ ಕುದುರೆಗಳ ವೀರ್ಯದಲ್ಲೂ ಆ ವೈರಸ್ ಉಳಿಯುತ್ತದೆ. ಅಲ್ಲಿ ಗಂಡು ಕುದುರೆಗಳ ಪರೀಕ್ಷೆ, ಲಸಿಕೆಗಳನ್ನು ಕ್ರಮಬದ್ಧಗೊಳಿಸಿದರು. ಅದರಿಂದ ಹೆಸರೇನೂ ಕೆಡಲಿಲ್ಲ, ಕೆಂಟಕಿ ಇಂದಿಗೂ ರೇಸ್ ಕುದುರೆಗಳ ತವರಾಗಿಯೇ ಉಳಿದಿದೆ.

ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಇರುವ ನಮ್ಮ ನಾಡಿಗೂ ಈ ಪಾಠ ಬೇಕು. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಆದರೆ ಒಂದೆರಡು ಕುದುರೆ ಸಾಕಿ ಬದುಕುವವರಿಗೆ ಮಾದರಿ ಕಳಿಸುವ ಖರ್ಚೇ ಹೊರೆ. ಅದನ್ನು ಸರ್ಕಾರ ಹೊರಬೇಕು. ದೊಡ್ಡ ಫಾರ್ಮ್‌ಗಳಿಗೆ ಬೇಕಿರುವುದು ಹಣವಲ್ಲ, ಕಂದು ಬಿದ್ದ ದಿನವೇ ಪಕ್ಕದ ಲಾಯಕ್ಕೆ ಫೋನ್ ಮಾಡುವ ಧೈರ್ಯ. ಇಂದು ನಾವು ತಿಳಿಸಿದರೆ ನಾಳೆ ಅವರೂ ತಿಳಿಸುತ್ತಾರೆ, ಆಗ ಉಳಿಯುವುದು ನಮ್ಮದೇ ಲಾಯದ ಮರಿ.